ಏಳನೇ ನಂಬರಿನ ಬಾವಿ

ಮಧುಗಿರಿ,
ತಾರೀಖು 12 ಫೆಬ್ರವರಿ 1939, ಭಾನುವಾರ ಬೆಳಿಗ್ಗೆ

ಪ್ರೀತಿಯ ಅವ್ವನಿಗೆ,

ನಿನ್ನ ಮಗ ಓಬಳೇಶ ಕಾಲಿಗೆರಗಿ ಬರೆಯುವುದು. ಹೇಗಿದ್ದೀಯ? ಈ ಸಲದ ಚಳಿಗೆ ತಾತನ ಕೆಮ್ಮು ಹೆಚ್ಚಾಗಿದೆ ಎಂದು ಪಾವಗಡದ ಸಂತೆಗೆ ಹೋಗಿ ಬಂದವರು ಹೇಳಿದರು. ಆಡುಸೋಗೆ ಕಷಾಯ ತಪ್ಪಿಸಬೇಡ, ಕಹಿ ಎಂದು ಮುಖ ಸಿಂಡರಿಸಿದರೂ ಬಿಡಬೇಡ. ನಿನ್ನ ಮೊಣಕಾಲು ನೋವು ಹೇಗಿದೆ? ತವರಿನಲ್ಲಿಯೂ ಎಲ್ಲರಿಗಿಂತ ಮುಂಚೆ ಎದ್ದು ಎರಡೆರಡು ಬಿಂದಿಗೆ ಹೊರುತ್ತಿರುತ್ತೀಯ, ನನಗೆ ಗೊತ್ತು. ನಾವೆಲ್ಲ ಆರೋಗ್ಯವಾಗಿದ್ದೇವೆ. ತಂಗಿ ಜಯಕ್ಕನ ಕಾಲು ಪೂರ್ತಿ ವಾಸಿಯಾಗಿದೆ, ಮೊನ್ನೆ ಅವರೆ ಹೊಲಕ್ಕೆ ನಡೆದೇ ಹೋಗಿ ಬಂದಳಂತೆ. ಅಪ್ಪ ಸ್ವಲ್ಪ ಇಳಿದು ಹೋಗಿದ್ದಾನೆ. ಕೇಳಿದರೆ ಬಿಸಿಲು ಎನ್ನುತ್ತಾನೆ, ಈ ಚಳಿಯಲ್ಲಿ ಯಾವ ಬಿಸಿಲೋ. ನಿನಗೆ ಓದಲು ಸುಲಭವಾಗಲೆಂದು ಅಕ್ಷರ ದಪ್ಪ ಮಾಡಿ ಬರೆಯುತ್ತಿದ್ದೇನೆ. ನಾನು ಮರಳಿನ ಮೇಲೆ ತಿದ್ದುವ ಕಾಲದಲ್ಲಿ ಪಕ್ಕದಲ್ಲಿ ಕೂತು ನೀನೂ ತಿದ್ದಿದವಳು. ಒತ್ತಕ್ಷರ ಬಂದಲ್ಲಿ ಇವತ್ತಿಗೂ ನಿಲ್ಲುತ್ತೀಯ. ಅಂಥ ಕಡೆ ಮಾವನನ್ನು ಕೇಳು, ನಾಚಿಕೆಪಡಬೇಡ.

ನಿನ್ನೆ ಶನಿವಾರ ಇಲ್ಲಿ ಮಧುಗಿರಿಯಲ್ಲಿ ಡಾಕ್ಟರುಗಳ ದೊಡ್ಡ ಸಭೆಯೊಂದು ನಡೆಯಿತು. ಅದರಲ್ಲಿ ನಿನ್ನ ಮಗ ಎದ್ದು ನಿಂತು ತನ್ನ ಸಂಶೋಧನೆಯ ವಿಷಯ ಹೇಳಿದ. ಅದು ಹೇಗಾಯಿತು ಎಂದು ಬೇರೆಯವರ ಬಾಯಲ್ಲಿ ನೀನು ಕೇಳುವ ಮುಂಚೆ ನಾನೇ ತಿಳಿಸಬೇಕು. ಆದರೆ ಅದನ್ನು ಹೇಳಬೇಕಾದರೆ ಹೋದ ವರ್ಷ ಮೊದಲ ಮಳೆ ಬಿದ್ದ ವಾರದ ಆ ಬೆಳಗಿನಿಂದಲೇ ಶುರು ಮಾಡಬೇಕು. ನಿನಗೆ ನೋವಾದರೆ ಕ್ಷಮಿಸು.

ಜಯಕ್ಕ ಎಂಬತ್ತು ದಿನ ಮಲಗಿದ್ದಳು. ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು, ಒಡೆದು, ಬಿಳಿಯ ನೂಲಿನಂಥ ಹುಳ ಹೊರಗೆ ಬಂದಾಗ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಿನಷ್ಟು ಎಳೆಯುತ್ತ ಕೂತವಳು ನೀನು. ಎಳೆಯುವಾಗ ಒಂದು ದಿನ ಅದು ತುಂಡಾಗಿ ಕಾಲೆಲ್ಲ ಕೀವಾಯಿತು. ನಮ್ಮೂರಿನಲ್ಲಿ ನಾರುಹುಣ್ಣು ಹೊಸದೇನಲ್ಲ, ಬೇಸಿಗೆ ಬಂತೆಂದರೆ ಬೀದಿಗೆ ಹತ್ತು ಜನ ಕುಂಟುತ್ತಾರೆ. ಆದರೆ ಕೊರಟಗೆರೆ ಕಡೆಯ ಗಂಡಿನವರು ಬಂದದ್ದು ಅದೇ ಹೊತ್ತಿಗೆ. ಹುಡುಗಿ ಗೋಡೆ ಹಿಡಿದು ನಡೆಯುವುದನ್ನು ನೋಡಿ ಅವರು ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದರು. ಅವರ ಗಾಡಿ ಬೀದಿ ದಾಟುವ ಮುಂಚೆಯೇ ನೀನು ಅಜ್ಜಿಯ ಮುಂದೆ ನಿಂತು ಹೇಳಿದೆ: "ಇದು ಈ ಬಾವಿ ನೀರಿನ ಕೆಲ್ಸ ಕಣತ್ತೆ. ನಮ್ಮೂರಾಗೆ ನಾ ಹುಟ್ಟಿದಾಗ್ಲಿಂದ ಒಬ್ರಿಗೂ ನಾರುಹುಣ್ಣಾಗಿದ್ದು ಕಾಣೆ." ಅಜ್ಜಿಯ ಮುಖ ಕಪ್ಪಿಟ್ಟಿತು. ಆ ಬಾವಿ ಎಂದರೆ ಅವಳಿಗೆ ಏನೆಂಬುದು ನಿನಗೂ ಗೊತ್ತು. ಕೋಟೆ ಕಾಯುತ್ತಿದ್ದ ವಂಶದಲ್ಲಿ ಉಳಿದದ್ದು ಆ ಬಾವಿಯೊಂದೇ. ಮಧುಗಿರಿ ದುರ್ಗದಿಂದ ಕೆಳಗಿಳಿದು ಬಂದ ಮುತ್ತಜ್ಜ ಪುರವರದ ಬಯಲಿನಲ್ಲಿ ನೆಲೆ ನಿಂತು, ಅರವತ್ತು ಮೆಟ್ಟಿಲು ಕಡಿಸಿ ಊರಿಗೆಲ್ಲ ನೀರು ಕೊಟ್ಟದ್ದು. ಅಜ್ಜಿ ಅಂದಳು: "ತವರು ನೀರು ಅಷ್ಟು ಚೆಂದಾಗಿದ್ರೆ ಓಗಿ ಅದನ್ನೇ ಕುಡಿ. ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ನನ್ ಕಿವಿ ತೂತು ಬಿತ್ತು." ಮರುದಿನ ನೀನು ಗಂಟು ಕಟ್ಟಿಕೊಂಡು ಹೊರಟೆ. ಅಪ್ಪ ಎತ್ತಿನ ಹಗ್ಗ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನಾನೂ ಸುಮ್ಮನೆ ನಿಂತಿದ್ದೆ. ಬೆಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವವನು, ಊರಿಗೆ ಬಂದಾಗ ದೊಡ್ಡ ಮಾತಾಡುವವನು, ಆ ದಿನ ಇಬ್ಬರ ನಡುವೆ ನಿಂತು ಒಂದು ಮಾತು ಆಡಲಿಲ್ಲ. ನಿನ್ನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಅದು ನನ್ನನ್ನು ಕೊರೆದಿದೆ.

ಕಾಲೇಜು ಶುರುವಾದ ಮೊದಲನೇ ವಾರವೇ ನಮ್ಮ ಪ್ರೊಫೆಸರು ಚನ್ನಮಲ್ಲಯ್ಯನವರ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ನಿಂತ ನೀರಿನಲ್ಲಿ ಎಳ್ಳಿಗಿಂತ ಸಣ್ಣದಾದ ಒಂದು ಬಿಳಿಯ ಹುಳ ಇರುತ್ತದೆ, ಅದಕ್ಕೆ ಇರುವುದು ಒಂದೇ ಕಣ್ಣು. ನಾರುಹುಣ್ಣಾದವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಾಗ ಹುಣ್ಣಿನಿಂದ ಲಕ್ಷಗಟ್ಟಲೆ ಮರಿಗಳು ನೀರಿಗೆ ಬೀಳುತ್ತವೆ. ಒಂಟಿಗಣ್ಣಿನ ಹುಳ ಆ ಮರಿಗಳನ್ನು ನುಂಗುತ್ತದೆ, ನಾವು ಬಿಂದಿಗೆಯ ನೀರಿನೊಡನೆ ಆ ಹುಳವನ್ನು ನುಂಗುತ್ತೇವೆ. ವರ್ಷ ತುಂಬುವ ಹೊತ್ತಿಗೆ ಒಳಗೆ ಬೆಳೆದ ನಾರು ಕಾಲಿನಲ್ಲಿ ಬಾಯಿ ತೆರೆಯುತ್ತದೆ. ಅಂದರೆ ರೋಗ ಬಾವಿಯದೇ ಎಂದು ನೀನು ಹೇಳಿದ್ದು ಸರಿ, ಪುಸ್ತಕದಲ್ಲಿ ಆಗಲೇ ಇತ್ತು. ನಾನು ಕೇಳಿದೆ: "ಹಾಗಿದ್ದರೆ ನಮ್ಮ ತಾಯಿಯ ತವರಿನಲ್ಲೂ ಮೆಟ್ಟಿಲು ಬಾವಿಯೇ ಸರ್, ಜನ ಕಾಲಿಟ್ಟೇ ನೀರು ತುಂಬುತ್ತಾರೆ. ಅಲ್ಲಿ ಯಾಕಿಲ್ಲ?" ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಪುಸ್ತಕದಲ್ಲಿ ಇಲ್ಲ. ನೀನೇ ಹೋಗಿ ನೋಡು," ಅಂದರು.

ದಸರೆಯ ರಜೆಯಲ್ಲಿ ನಿನ್ನ ಹತ್ತಿರ ಬಂದಾಗ ಬಾಟಲಿಗಳಲ್ಲಿ ನೀರು ತುಂಬಿಕೊಂಡೆನಲ್ಲ, ಅದು ಇದಕ್ಕೆ. ತಾತ ನೋಡಿ "ಏಮಿರಾ, ಬೆಂಗಳೂರಾಗೆ ನೀಳ್ಳೇ ಇಲ್ವಾ" ಎಂದು ನಕ್ಕರು. ಆ ಬಾವಿಯ ತುಂಬ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಓಡಾಡುತ್ತಿದ್ದವು. ಒಂದನ್ನು ಹಿಡಿಯಲೆಂದು ಕೈ ಹಾಕಿದ್ದಕ್ಕೆ ತಾತ ಗದರಿದರು: "ಆ ಚೇಪಲು ಮುಟ್ಟಬ್ಯಾಡ್ರಾ, ಅವು ಗಂಗಮ್ಮನವು." ಆವತ್ತು ಆ ಮಾತಿನ ಬೆಲೆ ನನಗೆ ತಿಳಿಯಲಿಲ್ಲ. ಬೆಂಗಳೂರಿಗೆ ಹೋಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ನಮ್ಮೂರ ಬಾವಿಯ ನೀರಿನಲ್ಲಿ ಒಂಟಿಗಣ್ಣಿನ ಹುಳಗಳು ಸಂತೆ ನೆರೆದ ಹಾಗಿದ್ದವು. ನಿನ್ನ ತವರಿನ ನೀರಿನಲ್ಲಿ ಒಂದೂ ಇಲ್ಲ. ಆಮೇಲೆ ಹುಚ್ಚು ಹಿಡಿದವನ ಹಾಗೆ ತಿರುಗಿದೆ, ಅವ್ವ. ಕ್ರಿಸ್‌ಮಸ್ ರಜೆಯೆಲ್ಲ ಅದಕ್ಕೇ ಹೋಯಿತು. ಮಧುಗಿರಿ, ಪಾವಗಡ, ಸಿರಾ ತಾಲ್ಲೂಕು ಸೇರಿಸಿ ಇಪ್ಪತ್ತಾರು ಮೆಟ್ಟಿಲು ಬಾವಿಗಳಿಗೆ ಇಳಿದೆ. ಪ್ರತಿ ಊರಿನಲ್ಲೂ ಮನೆ ಮನೆಗೆ ಹೋಗಿ ಯಾರಿಗೆ ನಾರುಹುಣ್ಣಾಗಿತ್ತು, ಯಾವ ವರ್ಷ, ನೀರು ಸೋಸುತ್ತೀರಾ ಎಂದು ಕೇಳಿ ಬರೆದುಕೊಂಡೆ. ಗೌಡಗೆರೆಯಲ್ಲಿ ಒಬ್ಬ ಮುದುಕಿ ನನ್ನನ್ನು ಕಂದಾಯದವನೆಂದು ತಿಳಿದು ಪೊರಕೆ ಹಿಡಿದು ಬಂದಳು. ವಿಷಯ ಗೊತ್ತಾದ ಮೇಲೆ ಅವಳೇ ರೊಟ್ಟಿ ಕೊಟ್ಟು, ತನ್ನ ಹನ್ನೊಂದು ಗಾಯದ ಕಲೆಗಳನ್ನು ಒಂದೊಂದಾಗಿ ತೋರಿಸಿದಳು. ಇಪ್ಪತ್ತಾರು ಊರಿನಲ್ಲಿ ಮೂರೇ ಊರುಗಳಲ್ಲಿ ರೋಗವಿರಲಿಲ್ಲ. ಮೂರೂ ಊರಿನ ಬಾವಿಯಲ್ಲಿ ಮೀನಿದ್ದವು. ಮೂರೂ ಕಡೆ ದೇವರ ಮೀನೆಂದು ಯಾರೂ ಹಿಡಿಯುತ್ತಿರಲಿಲ್ಲ.

ಇದನ್ನೆಲ್ಲ ಬರೆದುಕೊಟ್ಟೆ. ಪ್ರೊಫೆಸರು ಅದನ್ನು ಆರೋಗ್ಯ ಇಲಾಖೆಗೆ ಕಳಿಸಿದರು. ಜನವರಿ ಕೊನೆಗೆ ಒಂದು ಕಾಗದ ಬಂತು, ಮಧುಗಿರಿಯಲ್ಲಿ ಸಭೆ, ಹದಿನೈದು ನಿಮಿಷ ಕೊಟ್ಟಿದ್ದಾರೆ ಎಂದು. ಪ್ರೊಫೆಸರೇ ಓದುತ್ತಾರೆಂದು ನೆಮ್ಮದಿಯಾಗಿದ್ದೆ. ಅವರು ಕಾಗದವನ್ನು ನನ್ನ ಕೈಗಿಟ್ಟು, "ಬಾವಿಗೆ ಇಳಿದವನು ನೀನು, ಮಾತಾಡುವವನೂ ನೀನೇ," ಅಂದರು. ಆ ದಿನದಿಂದ ನನಗೆ ಊಟ ಸೇರಲಿಲ್ಲ. ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ಹಾಸ್ಟೆಲಿನ ನನ್ನ ಕೋಣೆಯ ಗೆಳೆಯ ಸಂಜೀವಯ್ಯ ಹಾಸಿಗೆಯ ಮೇಲೆ ಅಧ್ಯಕ್ಷರಂತೆ ಕೂತು ಕೇಳುವನು, ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಅಧ್ಯಕ್ಷರಿಗೆ ನಿದ್ರೆ. ಕೋಟು ಅವನದೇ, ತೋಳು ನನ್ನ ಬೆರಳ ತುದಿಗೆ ಬರುತ್ತದೆ. ಬೂಟು ಮಾತ್ರ ಯಾರದ್ದೂ ಆಗಲಿಲ್ಲ, ಚಪ್ಪಲಿಯಲ್ಲೇ ಬಂದೆ. ನನಗಿದ್ದ ಭಯ ಡಾಕ್ಟರುಗಳದೊಂದೇ ಅಲ್ಲ. ಪಟ್ಟಿಯಲ್ಲಿ ಬಾವಿಗಳಿಗೆ ಹೆಸರಿನ ಬದಲು ನಂಬರು ಕೊಟ್ಟಿದ್ದೆ. ಇಪ್ಪತ್ತಾರರಲ್ಲಿ ಅತಿ ಕೆಟ್ಟದ್ದು ಏಳನೆಯದು, ಐವತ್ತೆರಡು ಮನೆಗಳಲ್ಲಿ ಮೂವತ್ತೇಳು ಮನೆಗೆ ರೋಗ. ಅದು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಯಾಕೆ ಕೆಟ್ಟದ್ದು ಎಂಬುದು ಇನ್ನೂ ಕಷ್ಟದ ಮಾತು. ಅಜ್ಜಿ ವರ್ಷಾವರ್ಷ ದಂಡೆಯ ಮೇಲೆ ನಿಂತು ಹೂಳು ತೆಗೆಸಿ, ಮೀನು ಕಪ್ಪೆ ಒಂದೂ ಉಳಿಯದ ಹಾಗೆ ಬಾವಿಯನ್ನು ಬೆಳಗಿಸಿ ಇಡುತ್ತಾಳಲ್ಲ, ಅದರಿಂದಲೇ.

ಸಭೆಯ ಹಿಂದಿನ ದಿನ ಬಸ್ಸಿನಲ್ಲಿ ಕೊರಟಗೆರೆ ಮೇಲೆ ಮಧುಗಿರಿಗೆ ಬಂದು ಇಳಿದೆ. ನಮ್ಮ ಬಾವಿಯ ಒಂದು ಕೊಡ ನೀರು, ಜಯಮಂಗಲಿ ಹೊಳೆಯ ಮಡುವಿನಿಂದ ಆ ಜಾತಿಯ ಒಂದಿಷ್ಟು ಮೀನು ಬೇಕೆಂದು ಅಪ್ಪನಿಗೆ ಮುಂಚೆಯೇ ಬರೆದಿದ್ದೆ. ಯಾಕೆಂದು ಬರೆದಿರಲಿಲ್ಲ. ಶನಿವಾರ ಬೆಳಿಗ್ಗೆ ಸ್ಕೂಲಿನ ಅಂಗಳದಲ್ಲಿ ಕಾಯುತ್ತಿದ್ದೆ, ನಮ್ಮ ಗಾಡಿ ಬಂತು. ಅಪ್ಪ ಎರಡು ಕೊಡ ಇಳಿಸಿದ. ಹಿಂದಿನಿಂದ ಅಜ್ಜಿಯೂ ಇಳಿದಳು. ಅಪ್ಪ ಕಣ್ಣಲ್ಲೇ, ನಾನೇನು ಮಾಡಲಿ, ಎಂಬಂತೆ ನೋಡಿದ. ಅಜ್ಜಿ ಸೆರಗು ಕೊಡವಿಕೊಂಡು ಹೇಳಿದಳು: "ನಮ್ ಬಾವಿ ನೀರ ಕೊಡದಾಗೆ ಒತ್ಕಂಡು ಸರ್ಕಾರದೋರ ತಾವ ಓಯ್ತಾನಂತೆ, ಏನ್ ಏಳ್ತಾನೋ ನಾನೂ ಕೇಳಾನ ಅಂತ ಬಂದೆ ಕಣ್ಲಾ." ಹೆಂಗಸರು ಸಭೆಯ ಒಳಗೆ ಯಾರೂ ಇರಲಿಲ್ಲ. ಅವಳು ಹೊರಗಿನ ಜಗುಲಿಯಲ್ಲಿ, ವೇದಿಕೆಯ ಪಕ್ಕದ ಕಿಟಕಿಗೆ ಸರಿಯಾಗಿ ಕೂತಳು. ನಾನು ನಿಲ್ಲುವ ಜಾಗದಿಂದ ಐದು ಮಾರು ದೂರ.

ಒಳಗೆ ನಲವತ್ತು ಜನ ಡಾಕ್ಟರುಗಳು, ಅಮಲ್ದಾರರು, ಹಿಂದಿನ ಬೆಂಚುಗಳಲ್ಲಿ ಊರೂರಿನ ಪಟೇಲರು, ಶಾನುಭೋಗರು. ಎಲ್ಲಕ್ಕಿಂತ ಮೊದಲು ಮೇಜಿನ ಮೇಲೆ ಎರಡು ಗಾಜಿನ ಜಾಡಿಗಳನ್ನಿಟ್ಟು ಎರಡಕ್ಕೂ ನಮ್ಮ ಬಾವಿಯ ನೀರು ಸುರಿದೆ. ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕಿಗಳು ಕುಣಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಒಂದು ಜಾಡಿಗೆ ಮಾತ್ರ ನಾಲ್ಕು ಮೀನು ಬಿಟ್ಟೆ. ಇನ್ನೊಂದನ್ನು ಹಾಗೇ ಬಿಟ್ಟೆ. ನನಗಿಂತ ಮುಂಚೆ ಇಬ್ಬರು ದೊಡ್ಡವರು ಮಲೇರಿಯದ ಮೇಲೆ ಮಾತಾಡಿದರು, ಒಂದೂವರೆ ಗಂಟೆಯಾಯಿತು. ಅಷ್ಟು ಹೊತ್ತೂ ಬೆವರಿ ಬೆವರಿ ಸಂಜೀವಯ್ಯನ ಕೋಟು ನೆನೆದು ಹೋಯಿತು.

ನನ್ನ ಹೆಸರು ಕರೆದರು. ಎದ್ದು ನಿಂತು ಇಂಗ್ಲಿಷಿನ ಮೊದಲ ಎರಡು ವಾಕ್ಯ ಹೇಳಿದೆ. ಮೂರನೆಯದು ಬರಲಿಲ್ಲ. ಕಾಗದ ನೋಡಿದರೆ ಅಕ್ಷರಗಳೆಲ್ಲ ಇರುವೆಗಳ ಹಾಗೆ ಸಾಲು ಬಿಟ್ಟು ಓಡುತ್ತಿದ್ದವು. ಯಾರೋ ಕೆಮ್ಮಿದರು. ಹಿಂದೆ ಪಟೇಲರು ತಮ್ಮ ತಮ್ಮಲ್ಲಿ ಮಾತಾಡಲು ತೊಡಗಿದರು. ಪ್ರೊಫೆಸರು ತಲೆ ತಗ್ಗಿಸಿ ಕೂತಿದ್ದರು. ಆ ನಿಮಿಷದಲ್ಲಿ ಓಡಿಹೋಗಿ ಬಸ್ಸು ಹತ್ತಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆಗ ಅಧ್ಯಕ್ಷರಾಗಿದ್ದ ಹೆಲ್ತ್ ಆಫೀಸರು ಮೆಲ್ಲಗೆ ಹೇಳಿದರು: "ಬಾವಿ ನೀರು ಕುಡಿಯುವವರು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಅವರಿಗೆ ತಿಳಿಯೋ ಹಾಗೆ ಕನ್ನಡದಲ್ಲೇ ಹೇಳಿಬಿಡಿ." ಕಾಗದವನ್ನು ಮಡಿಚಿ ಜೇಬಿಗಿಟ್ಟೆ. ಮೇಲೆ ನಿನಗೆ ಒಂಟಿಗಣ್ಣಿನ ಹುಳದ ಕಥೆ ಬರೆದೆನಲ್ಲ, ಹಾಗೆಯೇ ಶುರು ಮಾಡಿದೆ. ಎಲ್ಲಿಂದ ಬಂತೋ, ಮಾತು ತಾನಾಗಿ ಬಂತು. ಜಯಕ್ಕನ ಕಾಲಿನಿಂದ ನೀನು ಎಳೆದ ನಾರು ಎರಡೂವರೆ ಮೊಳ ಇತ್ತೆಂದು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಪಟೇಲರು ತಮ್ಮ ಮೊಣಕಾಲನ್ನೇ ಸವರಿಕೊಂಡರು.

ಇಪ್ಪತ್ತಾರು ಬಾವಿಗಳ ಲೆಕ್ಕ ಓದಿದೆ. ಏಳನೆಯದಕ್ಕೆ ಬಂದಾಗ ನಂಬರು ಹೇಳಿ ಬೇಗ ದಾಟಿಬಿಡೋಣವೆಂದುಕೊಂಡಿದ್ದೆ. ಅಮಲ್ದಾರರು ಪೆನ್ಸಿಲು ಎತ್ತಿದರು. "ತಡೀರಿ. ಐವತ್ತೆರಡಕ್ಕೆ ಮೂವತ್ತೇಳು ಅಂದರೆ ಇದು ಎಲ್ಲಕ್ಕಿಂತ ಕೆಟ್ಟದ್ದು. ಯಾವೂರ ಬಾವಿ ಇದು? ಯಾರಿಗೆ ಸೇರಿದ್ದು?"

ಕಿಟಕಿಯ ಕಡೆ ನೋಡಬಾರದೆಂದರೂ ನೋಡಿದೆ. ಅಜ್ಜಿ ಕಂಬಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅಪ್ಪ ಅವಳ ಹಿಂದೆ ನಿಂತಿದ್ದ. ಹೋದ ವರ್ಷ ಪಡಸಾಲೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು ನೆನಪಾಯಿತು. ಹೇಳಿದೆ: "ನಮ್ಮದೇ ಸ್ವಾಮಿ. ನಮ್ಮ ಮುತ್ತಜ್ಜ ಊರಿಗೆ ಕಟ್ಟಿಸಿಕೊಟ್ಟ ಬಾವಿ. ಈ ತಾಲ್ಲೂಕಿನಲ್ಲಿ ಅದರಷ್ಟು ಶುದ್ಧವಾದ ಬಾವಿ ಇನ್ನೊಂದಿಲ್ಲ. ವರ್ಷಾವರ್ಷ ನಮ್ಮಜ್ಜಿ ನಿಂತು ಹೂಳು ತೆಗೆಸ್ತಾರೆ, ಒಂದು ಎಲೆ ಬಿದ್ದರೂ ಇಳಿದು ತೆಗೀತಾರೆ. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಶುದ್ಧ ಅಂದರೆ ಮೀನಿರಬಾರದು ಅಂತ ನಾವೆಲ್ಲ ತಿಳಿದಿದ್ದೆವು. ಹುಳವನ್ನು ತಿನ್ನೋ ಮೀನನ್ನು ತೆಗೆದು ಹುಳಕ್ಕೆ ಜಾಗ ಮಾಡಿಕೊಟ್ಟೆವು." ಆಮೇಲೆ ಕಿಟಕಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜರಿ ಪೇಟ ಸುತ್ತಿದ ಒಬ್ಬ ವಯಸ್ಸಾದ ಡಾಕ್ಟರು ಎದ್ದರು. "ಅಲ್ಲಪ್ಪಾ, ಮೂರು ಊರಲ್ಲಿ ಮೀನಿದೆ, ಮೂರು ಊರಲ್ಲಿ ರೋಗ ಇಲ್ಲ. ಸರಿ. ಆ ಮೂರು ಊರಲ್ಲೂ ಹುಣಿಸೇಮರ ಇರಬಹುದು. ಹುಣಿಸೇಮರದಿಂದ ರೋಗ ಹೋಯಿತು ಅನ್ನೋಣವೇ?" ಸಭೆಯೆಲ್ಲ ನಕ್ಕಿತು. ನನಗೆ ಮಾತ್ರ ಸಂತೋಷವಾಯಿತು, ಏಕೆಂದರೆ ಇದೇ ಪ್ರಶ್ನೆಯನ್ನು ಪ್ರೊಫೆಸರು ಡಿಸೆಂಬರಿನಲ್ಲೇ ಕೇಳಿ ನನ್ನನ್ನು ಅಳಿಸಿದ್ದರು. ಜಾಡಿಗಳನ್ನು ಮುಂದೆ ತಂದೆ. "ಎರಡೂ ಒಂದೇ ಕೊಡದ ನೀರು ಸ್ವಾಮಿ. ಬೆಳಿಗ್ಗೆ ನಿಮ್ಮೆದುರಿಗೇ ಸುರಿದದ್ದು. ಇದರಲ್ಲಿ ಹುಣಿಸೇಮರ ಇಲ್ಲ," ಅಂದೆ. ಅಷ್ಟು ಧೈರ್ಯದ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಗಾಬರಿಯಾಯಿತು. ಡಾಕ್ಟರು ಭೂತಗನ್ನಡಿ ತೆಗೆದುಕೊಂಡು ಮೀನಿಲ್ಲದ ಜಾಡಿಯನ್ನು ನೋಡಿದರು. ಚುಕ್ಕಿಗಳು ಹಾಗೇ ಕುಣಿಯುತ್ತಿದ್ದವು. ಮೀನಿದ್ದ ಜಾಡಿಯನ್ನು ನೋಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ಪೇಟ ತೆಗೆದು ಪಕ್ಕಕ್ಕಿಟ್ಟು ಮೂರನೇ ಸಲ ನೋಡಿದರು. ಕೊನೆಗೆ ನೆಟ್ಟಗೆ ನಿಂತು, "ಒಂದೂ ಇಲ್ಲ," ಅಂದರು. "ನಲವತ್ತು ವರ್ಷ ಈ ನಾರನ್ನು ಕಡ್ಡಿಗೆ ಸುತ್ತಿ ಎಳೆದಿದ್ದೇನೆ ನಾನು. ಬಾವಿಗೆ ಇಳಿದು ನೋಡಲಿಲ್ಲ." ನನ್ನ ಕೈ ಹಿಡಿದು ಕುಲುಕಿದರು. ಕೋಟಿನ ತೋಳಿನೊಳಗೆ ನನ್ನ ಕೈ ಎಲ್ಲಿದೆಯೆಂದು ಅವರು ಹುಡುಕಬೇಕಾಯಿತು.

ಆಮೇಲೆ ಎಲ್ಲರೂ ಜಾಡಿ ನೋಡಲು ನುಗ್ಗಿದರು. ಗಲಾಟೆ ಇಳಿದ ಮೇಲೆ ಅಧ್ಯಕ್ಷರು ಕೇಳಿದರು: "ರೋಗವೇ ಇಲ್ಲದ ಊರೂ ಇದೆ ಅನ್ನೋದು ನಿಮಗೆ ಮೊದಲು ಹೇಗೆ ಹೊಳೆಯಿತು? ಯಾವ ರಿಪೋರ್ಟಿನಲ್ಲಿ ಓದಿದಿರಿ?" ನಾನು ಹೇಳಿದೆ: "ಓದಿದ್ದಲ್ಲ ಸ್ವಾಮಿ. ನಮ್ಮವ್ವ ಹೇಳಿದ್ದು." ಮತ್ತೆ ಕೆಲವರು ನಕ್ಕರು. ನಾನು ನಗಲಿಲ್ಲ. "ನಮ್ಮವ್ವನ ಹೆಸರು ಕದರಮ್ಮ. ತವರಿನ ನೀರಿನಲ್ಲಿ ಈ ರೋಗ ಇಲ್ಲ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ. ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಮಾಡಿದ್ದೆಲ್ಲ ಅವರ ಮಾತನ್ನು ಇಪ್ಪತ್ತಾರು ಕಡೆ ಹೋಗಿ ತಾಳೆ ನೋಡಿದ್ದು ಅಷ್ಟೇ." ಅಧ್ಯಕ್ಷರು ನಗದೆ ಪಕ್ಕದ ಗುಮಾಸ್ತರಿಗೆ ಹೇಳಿದರು: "ಬರೆದುಕೊಳ್ಳಿ. ಶ್ರೀಮತಿ ಕದರಮ್ಮ." ಅವರು ಬರೆದುಕೊಂಡರು, ಅವ್ವ. ನಾನು ಕಣ್ಣಾರೆ ನೋಡಿದೆ. ಸರ್ಕಾರದ ಕಾಗದದಲ್ಲಿ ನಿನ್ನ ಹೆಸರಿದೆ.

ಈ ಬೇಸಿಗೆಯಲ್ಲೇ ಐದು ಬಾವಿಗಳಿಗೆ ಮೀನು ಬಿಟ್ಟು, ಮೆಟ್ಟಿಲಿನ ಬಾಯಿಗೆ ಗೋಡೆ ಕಟ್ಟಿಸಿ, ಮೇಲಿನಿಂದ ಸೇದುವ ಹಾಗೆ ರಾಟೆ ಹಾಕಿಸುವುದೆಂದು ಅಧ್ಯಕ್ಷರು ಅಲ್ಲೇ ತೀರ್ಮಾನ ಹೇಳಿದರು. ಯಾವ ಊರಿನವರು ಮೊದಲು ಒಪ್ಪುತ್ತೀರಿ ಎಂದು ಕೇಳಿದರೆ ಪಟೇಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಡಿಯುವ ನೀರಿಗೆ ಮೀನು ಬಿಡಿಸಿದ ಊರು ಎಂಬ ಮಾತು ಯಾರಿಗೆ ಬೇಕು? ಪ್ರೊಫೆಸರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಆಗ ಕಿಟಕಿಯ ಹೊರಗಿನಿಂದ ಒಂದು ಗಟ್ಟಿ ದನಿ ಬಂತು: "ಏಳ್ನೇ ನಂಬ್ರಿಂದಕ್ಕೆ ಮೊದ್ಲು ಬುಡ್ಸಿ ಸ್ವಾಮಿ."

ಎಲ್ಲರೂ ತಿರುಗಿದರು. ಅಜ್ಜಿ ಎದ್ದು ನಿಂತಿದ್ದಳು, ಸೆರಗು ತಲೆಯ ಮೇಲೆ. "ಆ ಬಾವಿ ನಮ್ಮದು. ನಾನು ನರಸಿಂಹಮ್ಮ. ನಮ್ಮೋರು ನೀರು ಕೊಟ್ಟಿದ್ದು ಜನ ನಡೀಲಿ ಅಂತ, ಕುಂಟ್ಲಿ ಅಂತಲ್ಲ. ಗೋಡೆ ಬೇಕಾರೂ ಕಟ್ಸಿ, ಮೀನು ಬೇಕಾರೂ ಬುಡ್ಸಿ. ನಮ್ ಹುಡ್ಗ ಏಳ್ದಂಗೆ ಮಾಡಿ." ಅಧ್ಯಕ್ಷರು ಕುರ್ಚಿಯಿಂದ ಎದ್ದು ಅವಳಿಗೆ ಕೈ ಮುಗಿದರು. ಕೂಡಲೇ ಹಿಂದಿನ ಬೆಂಚಿನಲ್ಲಿ ಕೊಡಿಗೇನಹಳ್ಳಿಯ ಕಡೆಯ ಮೂಡಲಗಿರಿಯಪ್ಪ ಎಂಬ ಪಟೇಲರು ಎದ್ದು, ತಮ್ಮೂರಿಗೂ ಇರಲಿ ಎಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಐದಕ್ಕೆ ಬದಲು ಒಂಬತ್ತು ಊರಿನ ಹೆಸರು ಬಂದವು.

ಸಭೆ ಮುಗಿದು ಹೊರಗೆ ಬಂದಾಗ ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟ. ಎತ್ತಿಗೆ ನೀರು ತೋರಿಸಿ ಬರುತ್ತೇನೆಂದು ಹೊರಟುಹೋದ. ಅಜ್ಜಿ ನನ್ನ ಕೋಟನ್ನು ಮೇಲಿನಿಂದ ಕೆಳಗೆ ನೋಡಿ, "ಇದ್ಯಾರ್ದ್ಲಾ, ನಿನ್ನಂಥೋರು ಇಬ್ರು ಇಡುಸ್ತಾರೆ," ಅಂದಳು. ಜಗುಲಿಯಲ್ಲೇ ಬುತ್ತಿ ಬಿಚ್ಚಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಹದಿನೈದು ದಿನದಿಂದ ಊಟ ಸೇರದವನು ನಾಲ್ಕು ರೊಟ್ಟಿ ತಿಂದೆ. ಪ್ರೊಫೆಸರೂ ನಮ್ಮ ಜೊತೆ ಕೂತು ಎರಡು ತಿಂದರು. ಸಂಜೆ ಅಪ್ಪ, ಅಜ್ಜಿ ಉಳಿದ ಮೀನಿನ ಕೊಡದೊಂದಿಗೆ ಊರಿಗೆ ಹೋದರು. ನಾನು ಇಲ್ಲೇ ಚನ್ನಮಲ್ಲಯ್ಯನವರ ಜೊತೆ ಉಳಿದೆ. ಬರುವ ಜುಲೈನಿಂದ ಇದೇ ಕೆಲಸ ಮುಂದುವರಿಸಲು ಕಾಲೇಜಿನಲ್ಲಿ ನನಗೊಂದು ಜಾಗ ಕೊಡಿಸುವುದಾಗಿ ಅವರು ಹೇಳಿದ್ದಾರೆ. ಮುಂದಿನ ಸಲ ಮೈಸೂರಿನಲ್ಲಿ ಇನ್ನೂ ದೊಡ್ಡ ಸಭೆಯಲ್ಲಿ ಮಾತಾಡಬೇಕಂತೆ. ನಿನ್ನೆಯವರೆಗೆ ಆಗಿದ್ದರೆ ಜ್ವರ ಬರುತ್ತಿತ್ತು. ಈಗ ನಡುಕವಿದ್ದರೂ ಹೋಗಬಲ್ಲೆ ಅನ್ನಿಸುತ್ತದೆ.

ತಾತನಿಗೆ, ಮಾವನಿಗೆ ನನ್ನ ನಮಸ್ಕಾರ ಹೇಳು. ಗಂಗಮ್ಮನ ಮೀನುಗಳನ್ನು ಮುಟ್ಟಗೊಡದೆ ಕಾಯ್ದದ್ದಕ್ಕೆ ತಾತನಿಗೆ ಈ ಮೂರು ತಾಲ್ಲೂಕಿನ ಜನರ ಪುಣ್ಯ ಬರಲಿ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ಮಗ,
ಓಬಳೇಶ

ಮತ್ತೊಂದು ಮಾತು: ಕಾಗದ ಮಡಿಚುವಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಬಂದ. ಅಜ್ಜಿ ಇವತ್ತು ಕೋಳಿ ಕೂಗುವ ಹೊತ್ತಿಗೇ ಆಳು ಬೋರಯ್ಯನ ಕೈಲಿ ಗಾಡಿ ಕಟ್ಟಿಸಿ ಹೊರಟುಬಿಟ್ಟಳಂತೆ. ಎಲ್ಲಿಗೆ ಎಂದರೆ, "ಪಾವಗಡದ ಬೀಗರಿಗೆ ಕೆಮ್ಮಂತೆ, ನೋಡ್ಕಂಡ್ ಬರ್ತೀನಿ" ಅಂದಳಂತೆ. ಇಪ್ಪತ್ತು ವರ್ಷದಲ್ಲಿ ಬೀಗರ ಹೊಸಿಲು ತುಳಿಯದವಳು. ತಪ್ಪಾಯಿತೆಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ, ನೀನು ಅದಕ್ಕೆ ಕಾಯಬೇಡ. ಗಾಡಿ ನಾಳೆ ಮಧ್ಯಾಹ್ನಕ್ಕೆ ನಿಮ್ಮೂರು ಸೇರುತ್ತದೆ. ಅದಕ್ಕೆ ಮುಂಚೆ ಈ ಕಾಗದ ಮುಟ್ಟಲೆಂದು ಅಂಚೆಗೆ ಹಾಕದೆ ಪಾವಗಡದ ಬಸ್ಸಿನ ಡ್ರೈವರ್ ಪರ್ವತಯ್ಯನ ಕೈಗೆ ಕೊಡುತ್ತಿದ್ದೇನೆ, ಆಗಲೇ ಹಾರನ್ ಹೊಡೆಯುತ್ತಿದ್ದಾನೆ. ಅವ್ವ, ಗಾಡಿ ಬಂದು ನಿಂತಾಗ ನೀನು ಒಳಗೆ ಕೂತಿರಬೇಡ, ಬಾಗಿಲಿಗೆ ಬಾ. ಹೊರಡುವ ಮುಂಚೆ ಅಜ್ಜಿ ಬೋರಯ್ಯನನ್ನು ಬೈದು, ಹಾಸಿದ್ದ ಹುಲ್ಲು ಸಾಲದೆಂದು ಇನ್ನೊಂದು ಹೊರೆ ಹಾಕಿಸಿದಳಂತೆ. ಬರುವಾಗ ಇಬ್ಬರು ಕೂರಬೇಕಲ್ಲ ಅಂದಳಂತೆ.